ನಲವತ್ತು ನಿಮಿಷದಲ್ಲಿ ಹೊಡೆದುಹಾಕಿದ ಹೆಸರುಗಳು

ಆ ಪ್ರೋಗ್ರಾಮು ವೇಗವಾಗಿ ಓಡುವಂತೆ ಮಾಡಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಓಡಿದಾಗ ಕೀರ್ತಿಯನ್ನು ಬೇರೆಯವರು ತೆಗೆದುಕೊಂಡರು, ಅದರಿಂದ ಅನಾಹುತವಾದಾಗ ತಪ್ಪನ್ನು ಮಾತ್ರ ತಂದು ನನ್ನ ಟೇಬಲ್ಲಿನ ಮೇಲೆ ಇಟ್ಟರು. ಇಷ್ಟು ವರ್ಷಗಳಾದ ಮೇಲೂ ಆ ಸಿಟ್ಟು ನನಗೆ ಇಳಿದಿಲ್ಲ. ಇಳಿಯಬೇಕು ಎಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಿಪ್ಪಾಣಿಯಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಎರಡು ಕೋಣೆ, ಮೂರು ಮಷಿನ್ನು, ಕರಕರ ಎನ್ನುವ ಒಂದು ಪ್ರಿಂಟರು. ಬಿ.ಕಾಂ. ಮುಗಿಸಿ, ಕೊಲ್ಹಾಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಆರು ತಿಂಗಳ ಕೋರ್ಸು ಮಾಡಿದ್ದ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮ ಮನೆಯಲ್ಲಿ ಅವ್ವ ಬೀಡಿ ಕಟ್ಟುತ್ತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು, ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ. ನನ್ನ ಕೋರ್ಸು ಆ ಮೊರದ ಮೇಲೇ ನಡೆದಿತ್ತು. ಸೆಂಟರಿನ ಎ.ಸಿ. ಕೋಣೆಯಲ್ಲಿ ಕೂತರೂ ನನ್ನ ಸೀರೆಯಿಂದ ತಂಬಾಕಿನ ವಾಸನೆ ಹೋಗುತ್ತಿರಲಿಲ್ಲ. ಮಾಲೀಕರ ಅಕ್ಕನ ಮಗ ಅದಕ್ಕೆ ಮೂಗು ಮುರಿಯುತ್ತಿದ್ದ.

ಅವನು ಪುಣೆಯಲ್ಲಿ ಓದಿಬಂದವನು. ಪ್ರೋಗ್ರಾಮು ಬರೆಯುವುದು ಅವನ ಕೆಲಸ, ಹೆಸರುಗಳನ್ನು ತುಂಬುವುದು ನನ್ನ ಕೆಲಸ ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಒಂದು ಸರಕಾರಿ ಕಚೇರಿಯಿಂದ ನಮಗೆ ದೊಡ್ಡ ಕೆಲಸ ಬಂತು. ಬೀಡಿ ಕಟ್ಟುವ ಹೆಂಗಸರಿಗೆ ಗುರುತಿನ ಕಾರ್ಡು ಕೊಟ್ಟಿದ್ದರು. ಬೀಡಿ ಕಟ್ಟುತ್ತಿರುವಷ್ಟು ಕಾಲ ಆ ಕಾರ್ಡು ತೋರಿಸಿದರೆ ದವಾಖಾನೆಯಲ್ಲಿ ಪುಕ್ಕಟೆ ಔಷಧ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಲ್ಲದೆ ಎಲೆ ತಂಬಾಕು ಟೆಂಪೋದಲ್ಲಿ ಹೋಗುತ್ತಿದ್ದ ರಾಯಬಾಗದ ಕೆಲವು ಹಳ್ಳಿಗಳ ಹೆಂಗಸರೂ ಸೇರಿ ಹನ್ನೊಂದು ಸಾವಿರದಷ್ಟು ಹೆಸರುಗಳು. ಕೆಲವರು ತವರಿನಲ್ಲಿ ಒಂದು, ಗಂಡನ ಊರಿನಲ್ಲಿ ಒಂದು ಹೀಗೆ ಎರಡೆರಡು ಕಾರ್ಡು ಮಾಡಿಸಿದ್ದಾರೆ ಎಂದು ಕಚೇರಿಗೆ ಸಂಶಯ. ಎಲ್ಲ ಹೆಸರುಗಳನ್ನು ಕಂಪ್ಯೂಟರಿಗೆ ಹಾಕಿ, ಯಾವ ಎರಡು ಹೆಸರು ಒಬ್ಬಳದೇ ಇರಬಹುದು ಎಂದು ಹುಡುಕಿ ಕೊಡಬೇಕು. ಆ ಪಟ್ಟಿ ಹಿಡಿದುಕೊಂಡು ಕಚೇರಿಯ ಕಾರಕೂನರು ಊರೂರಿಗೆ ಹೋಗಿ ಕಣ್ಣಿಂದ ನೋಡಿ ತೀರ್ಮಾನ ಮಾಡುತ್ತಾರೆ. ಒಪ್ಪಂದದ ಕಾಗದದಲ್ಲಿ ಹಾಗೆಯೇ ಇತ್ತು. ನಾನೇ ಅದನ್ನು ಟೈಪು ಮಾಡಿದ್ದೆ.

ಹೆಸರು ತುಂಬಲು ನನಗೆ ಮತ್ತು ಇನ್ನಿಬ್ಬರು ಹುಡುಗಿಯರಿಗೆ ನಾಲ್ಕು ತಿಂಗಳು ಹಿಡಿಯಿತು. ಆ ಫಾರ್ಮುಗಳನ್ನು ನೋಡಿದವರಿಗೆ ಮಾತ್ರ ಗೊತ್ತು. ಒಂದೇ ಹೆಸರಿನ ಕೊನೆಗೆ ಕನ್ನಡದ ಕಾರಕೂನ 'ವ್ವ' ಎಂದು ಬರೆದರೆ ಮರಾಠಿಯವನು 'ಬಾಯಿ' ಎಂದು ಬರೆದಿದ್ದ, ಮೂರನೆಯವನು ಎರಡನ್ನೂ ಬಿಟ್ಟಿದ್ದ. ವಯಸ್ಸನ್ನಂತೂ ಮುಖ ನೋಡಿ ಬರೆದಿದ್ದರು. ಮೂವತ್ತು, ಮೂವತ್ತೈದು, ನಲವತ್ತು, ಐವತ್ತು. ಅಷ್ಟು ಸಾವಿರ ಹೆಂಗಸರಲ್ಲಿ ಮೂವತ್ತೆರಡು ವರ್ಷದವಳು ಒಬ್ಬಳೂ ನನಗೆ ಸಿಗಲಿಲ್ಲ. ಯಾವಾಗ ಹುಟ್ಟಿದೆ ಎಂದು ಯಾರೂ ಅವರನ್ನು ಕೂರಿಸಿ ಕೇಳಿರಲಿಲ್ಲ.

ತುಂಬಿ ಮುಗಿದ ಮೇಲೆ ಅಕ್ಕನ ಮಗ ತನ್ನ ಪ್ರೋಗ್ರಾಮು ಹಾಕಿದ. ಹಾಕಿ, ಕಾಲರ್ ಸರಿಮಾಡಿಕೊಂಡು ಚಹಾ ಕುಡಿಯಲು ಕೆಳಗಿಳಿದ. ಒಂದು ತಾಸಿನ ಮೇಲೆ ಬಂದು ನೋಡಿದರೆ ಐವತ್ತು ಹೆಸರೂ ಮುಗಿದಿರಲಿಲ್ಲ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಒಂಬತ್ತು ಹಗಲು ಒಂಬತ್ತು ರಾತ್ರಿ ಬಿಡದೆ ಓಡಿದರೆ ಮುಗಿಯುತ್ತದೆ. ನಿಪ್ಪಾಣಿಯಲ್ಲಿ ಕರೆಂಟು ಒಂಬತ್ತು ತಾಸು ಬಿಡದೆ ಇದ್ದದ್ದು ನನಗೆ ನೆನಪಿಲ್ಲ. ಬ್ಯಾಟರಿ ಹತ್ತು ನಿಮಿಷಕ್ಕಿಂತ ಹೆಚ್ಚು ತಡೆಯುತ್ತಿರಲಿಲ್ಲ. ಕರೆಂಟು ಹೋದಾಗಲೆಲ್ಲ ಮತ್ತೆ ಮೊದಲ ಹೆಸರಿನಿಂದ ಶುರು. ಹದಿನೈದು ದಿನ ಹೀಗೇ ನಡೆಯಿತು. ಒಮ್ಮೆ ಎಂಟನೇ ತಾಸಿನವರೆಗೆ ಹೋಗಿತ್ತು, ಆಗ ಓಣಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು.

"ಹೊಸಾ ಮಷಿನ್ ತರಸಬೇಕ ಮಾಮಾ. ಈ ಡಬ್ಬಾದಾಗ ಆಗೂದಿಲ್ಲ" ಎಂದ ಅವನು.

ಮಾಲೀಕರಿಗೆ ಬೆವರು. ಕಚೇರಿಯ ಸಾಹೇಬರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅವನು ಊಟಕ್ಕೆ ಹೋದಾಗ ನಾನು ಆ ಪ್ರೋಗ್ರಾಮನ್ನು ತೆರೆದು ಓದಿದೆ. ಓದಿದಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹತ್ತು ಮಂದಿಯನ್ನು ಒಬ್ಬರೊಡನೆ ಒಬ್ಬರನ್ನು ಇಟ್ಟು ನೋಡಬೇಕಾದರೆ ನಲವತ್ತೈದು ಸಲ ನೋಡಿದರೆ ಸಾಕು. ಅವನು ನೂರು ಸಲ ನೋಡುತ್ತಿದ್ದ. ಮೊದಲನೆಯವಳನ್ನು ಎರಡನೆಯವಳೊಡನೆ ನೋಡಿದ ಮೇಲೆ ಮತ್ತೆ ಎರಡನೆಯವಳನ್ನು ಮೊದಲನೆಯವಳೊಡನೆ. ಅದೂ ಸಾಲದೆ ಪ್ರತಿಯೊಬ್ಬಳನ್ನೂ ಅವಳೊಡನೆಯೇ ಹೋಲಿಸಿ, ನೀನು ನೀನೇ ಏನು ಎಂದು ಕೇಳುತ್ತಿದ್ದ. ಪ್ರತಿ ಸಲವೂ ಎರಡೂ ಹೆಸರಿನ ಬಾಲದಿಂದ 'ವ್ವ', 'ಬಾಯಿ', 'ಅಕ್ಕ' ಕತ್ತರಿಸಿ, ಮತ್ತೆ ಮುಂದಿನ ಸಲ ಅದೇ ಹೆಸರನ್ನು ಅದೇ ರೀತಿ ಕತ್ತರಿಸುತ್ತಿದ್ದ. ಸೊಪ್ಪು ಸೋಸುವವಳು ಒಂದೊಂದು ಎಲೆಗೂ ಇಡೀ ಬುಟ್ಟಿಯನ್ನು ಮತ್ತೆ ತೊಳೆದ ಹಾಗೆ.

ಬೇರೆ ಮಷಿನ್ನಿನಲ್ಲಿ ನಾನು ನನ್ನದೊಂದು ಪ್ರತಿ ಮಾಡಿಕೊಂಡೆ. ಬಾಲ ಕತ್ತರಿಸಿದ ಹೆಸರನ್ನು ಒಂದೇ ಸಲ ಮಾಡಿ ಪಕ್ಕದ ಕಾಲಮಿನಲ್ಲಿ ಬರೆದಿಟ್ಟೆ. ನೋಡಿದ ಜೋಡಿಯನ್ನು ಮತ್ತೆ ನೋಡದ ಹಾಗೆ, ಪ್ರತಿಯೊಬ್ಬಳನ್ನೂ ಅವಳ ಕೆಳಗಿನವರೊಡನೆ ಮಾತ್ರ ಹೋಲಿಸಿದೆ. ಅಷ್ಟರಿಂದಲೇ ಒಂಬತ್ತು ದಿನ ಎರಡು ದಿನಕ್ಕೆ ಇಳಿಯಿತು. ಆದರೆ ಎರಡು ದಿನ ಕರೆಂಟು ಯಾರು ಕೊಡುತ್ತಾರೆ?

ಆಗ ಹೊಳೆದದ್ದು ಗುಂಪು. 'ಸ' ಅಕ್ಷರದ ಹೆಸರಿನವಳನ್ನು 'ಗ' ಅಕ್ಷರದವಳೊಡನೆ ಯಾಕೆ ಹೋಲಿಸಬೇಕು? ಹೆಸರಿನ ಕಾಗುಣಿತ ಬಿಟ್ಟು, ಮೂಲ ಅಕ್ಷರಗಳಲ್ಲಿ ಮೊದಲ ಮೂರನ್ನು ಮಾತ್ರ ಇಟ್ಟುಕೊಂಡು ಒಂದು ಗುರುತು ಮಾಡಿದೆ. ಆ ಗುರುತಿನ ಪ್ರಕಾರ ಇಡೀ ಪಟ್ಟಿಗೆ ಇಂಡೆಕ್ಸ್ ಹಾಕಿದೆ. ಒಂದೇ ಗುರುತಿನವರು ಒಂದೆಡೆ ಕೂತರು. ಹೋಲಿಕೆ ಆ ಗುಂಪಿನೊಳಗೆ ಮಾತ್ರ. ಮರುದಿನ ಬೆಳಿಗ್ಗೆ ಹತ್ತಕ್ಕೆ ಹಾಕಿದೆ. ಹತ್ತೂ ನಲವತ್ತಕ್ಕೆ ಮುಗಿಯಿತು.

ನಾನು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಕೆಳಗೆ ಗೊಬ್ಬರದ ಚೀಲ ಇಳಿಸುತ್ತಿದ್ದರು. ಯಾರನ್ನಾದರೂ ಕರೆದು ಹೇಳಬೇಕು ಅನ್ನಿಸಿತು. ಆ ಸಂತೋಷ ಸುಳ್ಳಾಗಿರಲಿಲ್ಲ, ಇವತ್ತಿಗೂ ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಮನೆಗೆ ಹೋಗಿ ಅವ್ವನಿಗೆ ಹೇಳಿದೆ. ಅವಳು ದಾರ ಸುತ್ತುತ್ತಲೇ ಕೇಳಿದಳು.

"ಹೆಸರ ನೋಡಿ ಹಿಡೀತೈತೇನ?"

"ಹೌದವಾ. ಹೆಸರ, ಗಂಡನ ಹೆಸರ, ವಯಸ್ಸ. ಮೂರೂ ಹೊಂದಿದ್ರ ಜೋಡಿ ಅಂತ ತೋರಿಸ್ತೈತಿ."

"ನನಗ ಮದಿವ್ಯಾಗ ಹೆಸರ ಬದಲ ಮಾಡ್ಯಾರ. ತವರಮನ್ಯಾಗ ಬ್ಯಾರೆ ಹೆಸರ, ಅಪ್ಪನ ಹೆಸರ. ಇಲ್ಲಿ ಬ್ಯಾರೆ ಹೆಸರ, ನಿಮ್ಮಪ್ಪನ ಹೆಸರ. ನಾ ಎರಡ ಕಡೆ ಕಾರ್ಡ ಮಾಡಿಸಿದ್ರ ನಿನ್ನ ಮಿಷನ್ನಿಗಿ ಸಿಗತೇನಿ?"

"ಇಲ್ಲ" ಎಂದೆ.

"ಅಂದ್ರ ಎರಡ ಕಾರ್ಡ ಮಾಡಿಸಿದಾಕಿ ಪಾರ. ಒಂದ ಹೆಸರ ಇಟಗೊಂಡ ಇಬ್ರು ಬಡವ್ಯಾರ ಸಿಗತಾರ. ಭೇಷ್ ಆತ ತಗೋ."

"ಅದಕ್ಕ ಕಾರಕೂನರ ಹೋಗಿ ನೋಡತಾರವಾ" ಎಂದು ಹೇಳಿ ನಾನು ಮಾತು ಮುಗಿಸಿದೆ. ಅವಳು ಕಟ್ಟಿದ ಬೀಡಿಗಳನ್ನು ಎಣಿಸತೊಡಗಿದಳು. ಆ ಮಾತನ್ನು ನಾನು ಇನ್ನಷ್ಟು ಹೊತ್ತು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು.

ಪಟ್ಟಿ ಹದಿನೇಳು ಹಾಳೆ ಆಯಿತು. ಮೇಲೆ ತಲೆಬರಹ ನಾನೇ ಕೊಟ್ಟೆ: 'ಪರಿಶೀಲಿಸಬೇಕಾದ ಜೋಡಿಗಳು'. ಮಾಲೀಕರು ಸಾಹೇಬರನ್ನು ಕರೆಸಿದರು. ಪೇಡೆ ತರಿಸಿದರು. ಅಕ್ಕನ ಮಗ ಮಷಿನ್ನಿನ ಮುಂದೆ ಕೂತು ನನ್ನ ಪ್ರೋಗ್ರಾಮನ್ನು ಓಡಿಸಿ ತೋರಿಸಿದ.

"ಒಂಬತ್ತ ದಿವಸದ್ದು ನಲವತ್ತ ನಿಮಿಷಕ್ಕ ತಂದೇನ್ರಿ ಸರ" ಎಂದ.

ತಂದೇನ್ರಿ. ನಾನು ಪೇಡೆಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಮಾಲೀಕರು ನನ್ನ ಕಡೆ ಒಮ್ಮೆ ನೋಡಿ ಬೇಗ ಕಣ್ಣು ತಿರುಗಿಸಿದರು. ಸಾಹೇಬರು ಅವನ ಬೆನ್ನು ತಟ್ಟಿದರು. ಸಂಜೆ ನಾನು ಕೇಳಿದ್ದಕ್ಕೆ ಮಾಲೀಕರು, "ಮನೀ ಮಂದಿ ಅಂದ ಮ್ಯಾಲ ನಿನ್ನದು ಅವಂದು ಅಂತ ಏನ ಇರತೈತವಾ? ಸೆಂಟರದ್ದ ಹೆಸರ ಆತಲ್ಲ" ಎಂದರು. ನಾನು ಯಾವಾಗ ಮನೆಯ ಮಂದಿಯಾದೆನೋ ನನಗೆ ಗೊತ್ತಿರಲಿಲ್ಲ.

ಅದನ್ನು ನುಂಗಿಕೊಂಡೆ. ನುಂಗಲಾರದ್ದು ಮುಂದೆ ಇತ್ತು.

ಎರಡು ತಿಂಗಳ ಮೇಲೆ ಅವ್ವನ ಪರಿಚಯದ ಒಬ್ಬ ಹೆಂಗಸು ನಮ್ಮ ಮನೆಗೆ ಬಂದಳು. ಅವಳ ತವರು ನಮ್ಮ ಓಣಿ, ಕೊಟ್ಟದ್ದು ರಾಯಬಾಗದ ಕಡೆಯ ದಿಗ್ಗೇವಾಡಿಗೆ. ಎರಡು ವರ್ಷದಿಂದ ಕೆಮ್ಮು. ಪ್ರತಿ ತಿಂಗಳು ಬಂದು ದವಾಖಾನೆಯಲ್ಲಿ ಔಷಧ ಒಯ್ಯುತ್ತಿದ್ದವಳು. ಈ ಸಲ ಕಿಟಕಿಯಲ್ಲಿದ್ದವನು ಕಾರ್ಡು ಕಿತ್ತುಕೊಂಡು ಕೆಂಪು ಪೆನ್ನಿನಿಂದ ಗೀರು ಹಾಕಿ, ನಿನ್ನದು ರದ್ದಾಗಿದೆ ಎಂದು ಕಳಿಸಿದ್ದ.

"ನಾ ಕೊಗನೊಳ್ಳ್ಯಾಗ ಇನ್ನೊಂದ ಕಾರ್ಡ ಇಟ್ಟೇನಂತ ತಂಗಿ. ಕೊಗನೊಳ್ಳಿ ಹಾದ್ಯಾಗ ಸೈತ ನಾ ಇಳದಾಕಿ ಅಲ್ಲ" ಎಂದಳು.

ಮರುದಿನ ಸೆಂಟರಿನಲ್ಲಿ ಕಚೇರಿಗೆ ಕೊಟ್ಟ ಪಟ್ಟಿಯ ನಕಲನ್ನು ತೆಗೆದು ನೋಡಿದೆ. ಅವಳ ಹೆಸರು ಇತ್ತು, ಜೋಡಿಯಾಗಿ ಕೊಗನೊಳ್ಳಿಯ ಒಬ್ಬಳು. ಅದೇ ಹೆಸರು, ಗಂಡನ ಹೆಸರೂ ಅದೇ, ಇಬ್ಬರಿಗೂ ನಲವತ್ತು. ಆದರೆ ಹಾಳೆಯ ಮೇಲಿನ ತಲೆಬರಹ ನನ್ನದಾಗಿರಲಿಲ್ಲ. 'ರದ್ದು ಮಾಡಬೇಕಾದ ನಕಲಿ ಕಾರ್ಡುಗಳು' ಎಂದಿತ್ತು.

"ಇದನ್ನ ಯಾರ ಬದಲ ಮಾಡಿದ್ರು?" ಎಂದು ಅಕ್ಕನ ಮಗನನ್ನು ಕೇಳಿದೆ.

"ಸಾಹೇಬ್ರ ಹೇಳಿದ್ರು, ನಾ ಮಾಡಿದೆ. ನಲವತ್ತ ನಿಮಿಷದಾಗ ಮಷಿನ್ ಎಲ್ಲಾ ಹುಡುಕಿ ಕೊಡತೈತಿ ಅಂದ ಮ್ಯಾಲ ಕಾರಕೂನರ ಊರೂರ ಯಾಕ ತಿರಗಬೇಕು? ಅವರ ಪ್ರವಾಸ ಎಲ್ಲಾ ಕ್ಯಾನ್ಸಲ್."

"ಅದ ಹುಡುಕಿ ಕೊಟ್ಟಿದ್ದ ಸಂಶಯ. ನಿರ್ಣಯ ಅಲ್ಲ."

"ಹಂಗಾರ ನೀ ಯಾಕ ಅಷ್ಟ ಫಾಸ್ಟ್ ಮಾಡಿದಿ?" ಎಂದು ಅವನು ನಕ್ಕ. ಆ ಪ್ರೋಗ್ರಾಮು ನನ್ನದು ಎಂದು ಅವನು ಬಾಯಿಬಿಟ್ಟು ಒಪ್ಪಿದ್ದು ಅದೇ ಮೊದಲು.

ಒಂಬತ್ತು ದಿನ ಹಿಡಿಯುತ್ತಿದ್ದರೆ ಅದನ್ನು ಒಂದು ಕಷ್ಟದ ಕೆಲಸ ಎಂದುಕೊಂಡು ಅನುಮಾನದಿಂದ ನೋಡುತ್ತಿದ್ದರೋ ಏನೋ. ನಲವತ್ತು ನಿಮಿಷಕ್ಕೆ ಮುಗಿದದ್ದರಿಂದ ಅದು ದೇವರ ಮಾತಾಯಿತು. ಹೆಂಗಸರ ಹೆಸರುಗಳು ನಮ್ಮ ಕಡೆ ಎಷ್ಟು ಕಡಿಮೆ ಎಂದು ಆ ಸಾಹೇಬರಿಗೆ ಗೊತ್ತಿರಲಿಲ್ಲವೇ? ಅವರ ಮನೆಯಲ್ಲೇ ಅತ್ತೆ, ಸೋದರತ್ತೆ, ಕೆಲಸದವಳು ಮೂವರಿಗೂ ಒಂದೇ ಹೆಸರಿದ್ದರೆ ಊಟಕ್ಕೆ ಒಂದೇ ತಾಟು ಹಾಕುತ್ತಿದ್ದರೆ?

ಆ ಭಾನುವಾರ ನಾನು ಕೊಗನೊಳ್ಳಿಗೆ ಹೋದೆ. ಹೆದ್ದಾರಿಯಲ್ಲಿ ಇಳಿದು ವಿಳಾಸ ಕೇಳಿಕೊಂಡು ಹೋದರೆ ಆ ಇನ್ನೊಬ್ಬ ಹೆಂಗಸು ಅಂಗಳದಲ್ಲಿ ಕೂತು ಎಲೆ ಕತ್ತರಿಸುತ್ತಿದ್ದಳು. ಎತ್ತರದ ಆಳು, ದೊಡ್ಡ ದನಿ, ಮಾತು ಮರಾಠಿ. ದಿಗ್ಗೇವಾಡಿಯವಳು ಗಿಡ್ಡ, ತೆಳ್ಳಗೆ, ಕನ್ನಡದವಳು. ಕೊಗನೊಳ್ಳಿಯವಳ ಕಾರ್ಡು ಉಳಿದಿತ್ತು, ಯಾಕೆಂದರೆ ಪಟ್ಟಿಯಲ್ಲಿ ಅವಳು ಮೇಲಿನ ಸಾಲಿನಲ್ಲಿದ್ದಳು. ಮೇಲಿನವಳು ಅಸಲಿ, ಕೆಳಗಿನವಳು ನಕಲಿ. ಜೋಡಿಯಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದು ನಾವು ಯಾವ ಫಾರ್ಮು ಮೊದಲು ತುಂಬಿದೆವು ಎಂಬುದರ ಮೇಲಿತ್ತು. ಇಷ್ಟು ಅನ್ಯಾಯಕ್ಕೆ ಇಷ್ಟೇ ಕಾರಣ.

ನಾನು ಹೇಳಿದ್ದನ್ನೆಲ್ಲ ಕೇಳಿ ಆಕೆ ಕತ್ತರಿ ಕೆಳಗಿಟ್ಟಳು. ತನ್ನದು ಉಳಿದಿದೆ, ತನಗೇನು ಎನ್ನಬಹುದಿತ್ತು. ಹಾಗೆ ಅನ್ನಲಿಲ್ಲ. ಯಾವತ್ತು ಬರಬೇಕು ಎಂದು ಮಾತ್ರ ಕೇಳಿದಳು.

ಬುಧವಾರ ನಾವು ಮೂವರೂ ಆ ಕಚೇರಿಗೆ ಹೋದೆವು. ಸಾಹೇಬರು ಹನ್ನೆರಡರವರೆಗೆ ಒಳಗೆ ಬಿಡಲಿಲ್ಲ. ಒಳಗೆ ಹೋದ ಮೇಲೆ ಪಟ್ಟಿಯಿಂದ ತಲೆ ಎತ್ತದೆ ಹೇಳಿದರು, "ಕಂಪ್ಯೂಟರ್ ತೋರಿಸೇತಿ. ನಾ ಏನೂ ಮಾಡಾಕ ಬರೂದಿಲ್ಲ. ಕಂಪ್ಯೂಟರ್ ಸುಳ್ಳ ಹೇಳತೈತೇನು?"

ದಿಗ್ಗೇವಾಡಿಯವಳಿಗೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಅಂದಳು, "ಅದ ಏನ ಹೇಳತೈತೋ ನಮಗ ತಿಳಿಯೂದಿಲ್ರಿ ಸಾಹೇಬ್ರ. ನೀವ ಎಣಸ್ರಿ. ಇಲ್ಲಿ ಎಷ್ಟ ಮಂದಿ ನಿಂತೇವಿ?"

ಸಾಹೇಬರು ಆಗ ತಲೆ ಎತ್ತಿದರು. ಕೊಗನೊಳ್ಳಿಯವಳು ತನ್ನ ದೊಡ್ಡ ದನಿಯಲ್ಲಿ, "ಆಮ್ಹಿ ದೋಘಿ ಆಹೋತ, ಸಾಹೇಬ್. ದೋಘಿ!" ಎಂದು, ನಾವು ಇಬ್ಬರು ಎಂಬಂತೆ ಎರಡು ಬೆರಳು ಅವರ ಮುಖದ ಮುಂದೆ ಹಿಡಿದಳು. ಹೊರಗೆ ಕಾರಕೂನರು ಕುರ್ಚಿ ಬಿಟ್ಟೆದ್ದು ಬಾಗಿಲಿಗೆ ಬಂದು ನಿಂತರು.

"ಅರ್ಜಿ ಕೊಡ್ರಿ, ನೋಡೂಣು" ಎಂದರು ಸಾಹೇಬರು. ಎದುರಿಗೆ ಇಬ್ಬರು ಹೆಂಗಸರು ನಿಂತಿದ್ದಾರೆ ಎಂಬುದನ್ನು ನಂಬಲು ಅವರಿಗೆ ಅರ್ಜಿ ಬೇಕಾಗಿತ್ತು.

ನಾವು ಕಚೇರಿಯಿಂದ ಹೊರಬೀಳುವಷ್ಟರಲ್ಲಿ ಅವರು ಸೆಂಟರಿಗೆ ಫೋನು ಮಾಡಿದ್ದರು. ನಾನು ಸೆಂಟರಿಗೆ ಹೋದಾಗ ಮಾಲೀಕರು ಬಾಗಿಲಲ್ಲೇ ಕಾಯುತ್ತಿದ್ದರು. ಅಕ್ಕನ ಮಗ ಹಿಂದೆ ನಿಂತಿದ್ದ. "ಪ್ರೋಗ್ರಾಮ್ ಬರದಾಕಿ ಇಕೀನ ಮಾಮಾ. ನಾ ಆವತ್ತ ಓಡಿಸಿ ತೋರಿಸೇನಿ ಅಷ್ಟ" ಎಂದ. ಎಷ್ಟು ಸಲೀಸಾಗಿ! ಪೇಡೆ ತಿನ್ನುವಾಗ ತನ್ನದು, ಬೈಗುಳ ತಿನ್ನುವಾಗ ನನ್ನದು. ಮಾಲೀಕರು ನನಗೆ ನಾಳೆಯಿಂದ ಬರಬೇಡ ಎಂದರು. ಪಟ್ಟಿಯ ಹದಿನೇಳು ಹಾಳೆಯ ನಕಲನ್ನು ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲು ಇಳಿದೆ. ಅದನ್ನು ಕದ್ದಳು ಎಂದು ಆಮೇಲೆ ಊರಲ್ಲಿ ಹೇಳಿಕೊಂಡು ತಿರುಗಿದರು. ಹೌದು, ಕದ್ದೆ.

ಚಿಕ್ಕೋಡಿಯಲ್ಲಿ ನನ್ನ ಗೆಳತಿಯೊಬ್ಬಳ ಅಣ್ಣ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. ಅಲ್ಲಿ ಒಂದು ಮಷಿನ್ನು ಇತ್ತು. ಬೆಳಿಗ್ಗೆ ಕ್ಲಾಸು ಶುರುವಾಗುವ ಮೊದಲು ಅದನ್ನು ನನಗೆ ಬಿಟ್ಟುಕೊಟ್ಟ. ಹಾಳೆಯಲ್ಲಿದ್ದ ಜೋಡಿಗಳನ್ನು ಮತ್ತೆ ತುಂಬಿದೆ. ಈ ಸಲ ಪ್ರತಿ ಜೋಡಿಯ ಪೂರ್ತಿ ವಿವರ ಎದುರುಬದುರು ಬರುವ ಹಾಗೆ ಮಾಡಿದೆ: ಇಬ್ಬರ ಊರು, ಓಣಿ, ಯಾವ ಕಾರಕೂನ ಬರೆದದ್ದು, ಯಾವುದರಲ್ಲಿ ಹೊಂದುತ್ತದೆ, ಯಾವುದರಲ್ಲಿ ಹೊಂದುವುದಿಲ್ಲ. ಕೊನೆಯ ಕಾಲಮನ್ನು ಖಾಲಿ ಬಿಟ್ಟೆ, ಹೋಗಿ ನೋಡಿದವರ ಸಹಿಗೆ.

ಹೋಗಿ ನೋಡಿದವರು ಕಾರಕೂನರಲ್ಲ. ನಾನು, ಅವ್ವ, ಆ ಇಬ್ಬರು ಹೆಂಗಸರು. ಭಾನುವಾರಗಳಲ್ಲಿ, ಬಜಾರದ ರಜೆಯ ದಿನಗಳಲ್ಲಿ ಬಸ್ಸು ಹಿಡಿದು ಹೋದೆವು. ಒಂದು ಊರಿನಲ್ಲಿ ನಮ್ಮನ್ನು ಕುಟುಂಬ ಯೋಜನೆಯವರು ಎಂದು ತಿಳಿದು ಹೆಂಗಸರು ಹಿತ್ತಿಲಲ್ಲಿ ಅಡಗಿದರು. ಕೊಗನೊಳ್ಳಿಯವಳು ಹೊರಗೆ ನಿಂತು ಜೋರಾಗಿ ಬೈದ ಮೇಲೆ ನಗುತ್ತ ಹೊರಗೆ ಬಂದರು. ನೋಡಿದ ಜೋಡಿಗಳಲ್ಲಿ ನಿಜವಾಗಿ ಒಬ್ಬಳೇ ಆಗಿದ್ದವಳು ಬೆರಳೆಣಿಕೆಯಷ್ಟು. ಮಿಕ್ಕವರೆಲ್ಲ ಇಬ್ಬಿಬ್ಬರು. ಒಂದು ಜೋಡಿಯಲ್ಲಿ ತಾಯಿ ಮಗಳ ವಯಸ್ಸಿನ ಅಂತರವಿತ್ತು. ಕಾಗದದಲ್ಲಿ ಇಬ್ಬರಿಗೂ ಮೂವತ್ತೈದು.

ಚಿಕ್ಕೋಡಿಯಲ್ಲಿದ್ದ ಮೇಲಿನ ಅಧಿಕಾರಿ ಒಬ್ಬ ವಯಸ್ಸಾದ ಮನುಷ್ಯ. ನಾವು ಒಯ್ದ ಕಾಗದಗಳನ್ನು ಹಾಳೆ ಹಾಳೆ ಓದಿದರು. ಓದುತ್ತ ಒಂದೆರಡು ಸಲ ಕನ್ನಡಕ ತೆಗೆದು ಒರೆಸಿದರು. ತಪಾಸಣೆ ಮಾಡಿ ಕಾರ್ಡುಗಳನ್ನು ತಿರುಗಿ ಕೊಡಬೇಕೆಂದು ಆದೇಶ ಬರೆದರು. ಅವರಿಗೆ ನಾನು ಋಣಿ. ಆದರೆ ಆ ಆದೇಶ ನಿಪ್ಪಾಣಿಗೆ ಬಂದ ಮೇಲೆ ಏನಾಯಿತು ಎಂದರೆ, ಪ್ರತಿಯೊಬ್ಬಳೂ ಖುದ್ದಾಗಿ ಬರಬೇಕು, ಇಬ್ಬರು ಸಾಕ್ಷಿ ತರಬೇಕು, ಫೋಟೋ ತರಬೇಕು ಎಂದರು. ಈ ಹೆಂಗಸರಿಲ್ಲದಾಗ ಹೊಡೆದುಹಾಕಿದ ಹೆಸರನ್ನು ತಿರುಗಿ ಬರೆಯಲು ಇವರೇ ಬಂದು ನಿಲ್ಲಬೇಕು, ದಿನದ ಕೆಲಸ ಬಿಟ್ಟು, ಮೂರು ಮೂರು ಸಲ. ಕೆಲವರು ಬಂದರು. ಕೆಲವರು ಸಾಕಪ್ಪ ಎಂದು ಬಿಟ್ಟರು. ಹೊಡೆಯಲು ನಲವತ್ತು ನಿಮಿಷ, ತಿರುಗಿ ಬರೆಯಲು ಒಂದೂವರೆ ವರ್ಷ. ಯಾವ ಕಾರಕೂನನಿಗೂ, ಯಾವ ಸಾಹೇಬನಿಗೂ ಏನೂ ಆಗಲಿಲ್ಲ. ಯಾರೂ ಯಾರ ಹತ್ತಿರವೂ ತಪ್ಪಾಯಿತು ಎಂದು ಹೇಳಲಿಲ್ಲ. ಹೇಳಿದ್ದು ನಾನೊಬ್ಬಳೇ, ಮನೆ ಮನೆಗೆ ಹೋದಾಗ. ಬಹಳ ಮಂದಿಗೆ ನಾನು ಯಾಕೆ ಹೇಳುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ.

ದಿಗ್ಗೇವಾಡಿಯವಳಿಗೆ ಕಾರ್ಡು ಬಂದದ್ದು ಮುಂದಿನ ವರ್ಷದ ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಅವಳ ಕೆಮ್ಮು ಮಿರಜಿನ ದೊಡ್ಡ ದವಾಖಾನೆಯವರೆಗೆ ಹೋಗಿತ್ತು. ತಂಬಾಕು ಮುಟ್ಟಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು, ಅವಳು ಬೀಡಿ ಕಟ್ಟುವುದನ್ನೇ ಬಿಟ್ಟಿದ್ದಳು. ಕಾರ್ಡು ಇಸಕೊಳ್ಳಲು ನಾನೂ ಕೊಗನೊಳ್ಳಿಯವಳೂ ಅವಳ ಜೊತೆ ನಿಪ್ಪಾಣಿಯ ಕಚೇರಿಯ ಕಿಟಕಿಯ ಮುಂದೆ ಸಾಲಿನಲ್ಲಿ ನಿಂತೆವು. ಒಳಗಿದ್ದವನು ಹೆಬ್ಬೆಟ್ಟು ಒತ್ತಿಸಿಕೊಂಡು ಕಾರ್ಡು ತಳ್ಳಿದ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಬೀಡಿ ಕಟ್ಟೂದ ಬಿಟ್ಟ ಮ್ಯಾಲ ಇದನ್ನ ಇಟಗೊಂಡ ಏನ ಮಾಡ್ಲಿ ತಂಗಿ?" ಎಂದು ನನ್ನನ್ನು ಕೇಳಿದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದಳು.

ಕೊಗನೊಳ್ಳಿಯವಳು ಅವಳ ಕೈಚೀಲವನ್ನು ತಾನೇ ಹಿಡಿದುಕೊಂಡಳು. ಮೂವರೂ ರಾಯಬಾಗದ ಬಸ್ಸು ನಿಲ್ಲುವ ಕಡೆ ನಿಧಾನವಾಗಿ ನಡೆದೆವು, ಅವಳಿಗೆ ಉಸಿರು ಹತ್ತಿದಾಗಲೆಲ್ಲ ನಿಂತುಕೊಳ್ಳುತ್ತ.